ಪಲ್ಲಕ್ಕಿಯೊಳಗಿಂದ ಇಟ್ಟ ಹೆಸರುಗಳು

ಇಂಗ್ಲಿಷಿನಲ್ಲಿ ಚುರುಕಿನವನನ್ನು ಹೊಗಳುವ ಮಾತುಗಳಿಗಿಂತ ನಿಧಾನದವನನ್ನು ತೆಗಳುವ ಮಾತುಗಳೇ ಹೆಚ್ಚಾಗಿವೆಯೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಸ್ಲೋ, ಡಲ್, ಲೇಜಿ, ಐಡಲ್ ಎಂಬವು ಪ್ರಾಥಮಿಕ ಶಾಲೆಯ ಮಕ್ಕಳಿಗೂ ಗೊತ್ತು. ಪ್ರೌಢಶಾಲೆಗೆ ಬರುವ ಹೊತ್ತಿಗೆ ಸ್ಲಗಿಶ್, ಲೆಥಾರ್ಜಿಕ್, ಇಂಡೊಲೆಂಟ್, ಇನರ್ಟ್, ಲಿಸ್ಟ್‌ಲೆಸ್ ಸಾಲಾಗಿ ಬಂದು ನಿಲ್ಲುತ್ತವೆ. ಕಾಲೇಜಿನ ಪಠ್ಯಗಳಲ್ಲಿ ಲ್ಯಾಂಗ್ವಿಡ್, ಟಾರ್ಪಿಡ್, ಫ್ಲೆಗ್ಮ್ಯಾಟಿಕ್, ಸ್ಯಾಟರ್ನೈನ್ ಎಂಬ ದೊಡ್ಡ ಮನೆತನದವರೂ ಸಿಗುತ್ತಾರೆ. ಇಷ್ಟೊಂದು ಮಂದಿಯನ್ನು ಕನ್ನಡಕ್ಕೆ ಕರೆತರುವಾಗ ತರಗತಿಯಲ್ಲಿ ನಾವು ಮೇಷ್ಟ್ರುಗಳು ಮಾಡುವುದೇನು? ಎಲ್ಲರನ್ನೂ ಸೋಮಾರಿ, ಜಡ, ಮಂದ ಎಂಬ ಮೂರೇ ಕೋಣೆಗಳಲ್ಲಿ ತುಂಬಿ ಬಾಗಿಲು ಹಾಕಿಬಿಡುತ್ತೇವೆ.

ಈ ಕೆಲಸ ನಮ್ಮ ಕಾಲದಲ್ಲಿ ಶುರುವಾದದ್ದಲ್ಲ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ವಿಲಿಯಂ ರೀವ್ ತನ್ನ ಇಂಗ್ಲಿಷ್–ಕನ್ನಡ ನಿಘಂಟನ್ನು 1824ರಲ್ಲಿಯೂ ಕನ್ನಡ–ಇಂಗ್ಲಿಷ್ ನಿಘಂಟನ್ನು 1832ರಲ್ಲಿಯೂ ಹೊರತಂದನು. ಎರಡನೆಯದನ್ನು ಡೇನಿಯಲ್ ಸ್ಯಾಂಡರ್ಸನ್ ತಿದ್ದಿ ಬೆಳೆಸಿ 1858ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದನು. 1894ರಲ್ಲಿ ಮಂಗಳೂರಿನಿಂದ ಕಿಟ್ಟೆಲ್ಲರ ಮಹಾಕೋಶ ಬಂದಿತು. 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಹೊರಬಿದ್ದಿತು. ಈ ನೂರಿಪ್ಪತ್ತೆರಡು ವರ್ಷಗಳಲ್ಲಿ ಎರಡು ಭಾಷೆಗಳು ಎದುರುಬದುರು ಕುಳಿತು ಒಂದೊಂದೇ ಮಾತನ್ನು ತೂಗಿ ಕೊಟ್ಟು ತೆಗೆದುಕೊಂಡವು. ಅಂಥ ವ್ಯಾಪಾರದಲ್ಲಿ ಅರ್ಥ ಕೈಗೆ ಬಂದರೂ ಅರ್ಥದ ಹಿಂದಿನ ಕಥೆ ಆಚೆಯ ದಡದಲ್ಲಿಯೇ ಉಳಿದುಬಿಡುವುದುಂಟು. ನಿಧಾನವನ್ನು ಹೇಳುವ ಮಾತುಗಳಲ್ಲಿ ಹಾಗೆ ಉಳಿದುಹೋದ ಕಥೆಯೇ ಮುಖ್ಯವಾದದ್ದು. ಏಕೆಂದರೆ ಇಂಥ ಪ್ರತಿಯೊಂದು ಮಾತೂ ಒಬ್ಬ ಮನುಷ್ಯ ನಿಧಾನವಾಗಿದ್ದಾನೆ ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಅವನು ಯಾಕೆ ಹಾಗಿದ್ದಾನೆ ಎಂಬುದಕ್ಕೆ ಒಂದು ಕಾರಣವನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತದೆ.

ಲೆಥಾರ್ಜಿಕ್ ಎಂಬುದನ್ನು ತೆಗೆದುಕೊಳ್ಳಿ. ಇದು ಗ್ರೀಕರ ಮಾತು. ಲೀತೀ ಎಂದರೆ ಮರೆವು. ಸತ್ತವರು ನೀರು ಕುಡಿದು ಹಿಂದಿನದನ್ನೆಲ್ಲ ಮರೆಯುವ ಪಾತಾಳದ ನದಿಗೂ ಅವರು ಅದೇ ಹೆಸರಿಟ್ಟಿದ್ದರು. ಅದಕ್ಕೆ ಕೆಲಸವಿಲ್ಲದ ಎಂಬರ್ಥದ ಇನ್ನೊಂದು ಮಾತು ಕೂಡಿಕೊಂಡಿದೆ. ಎಂದರೆ ಲೆಥಾರ್ಜಿಕ್ ಆದವನು ಮರೆವಿನಲ್ಲಿ ಮುಳುಗಿ ಕೈಬಿಟ್ಟು ಕುಳಿತವನು. ಫ್ಲೆಗ್ಮ್ಯಾಟಿಕ್ ಎಂಬುದರಲ್ಲಿ ಇರುವುದು ಕಫ. ಮನುಷ್ಯನ ಮೈಯಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳಿವೆ, ಕಫ ಹೆಚ್ಚಾದವನು ತಣ್ಣಗೆ, ನಿಧಾನವಾಗಿ ಇರುತ್ತಾನೆ ಎಂದು ಗ್ರೀಕ್ ವೈದ್ಯರು ನಂಬಿದ್ದರು. ನಮ್ಮ ಆಯುರ್ವೇದದ ವಾತ, ಪಿತ್ತ, ಕಫಗಳನ್ನು ಬಲ್ಲವರಿಗೆ ಇದು ನೆಂಟರ ಮನೆಯಂತೆ ಕಾಣುತ್ತದೆ. ಒಂದು ವ್ಯತ್ಯಾಸ: ಆಯುರ್ವೇದವು ಕಫ ಪ್ರಕೃತಿಯವನಿಗೆ ನಿಧಾನದ ಜೊತೆಯಲ್ಲಿಯೇ ಬಲವನ್ನೂ ತಾಳ್ಮೆಯನ್ನೂ ಕೊಟ್ಟು ಸಮಾಧಾನ ಹೇಳುತ್ತದೆ.

ಇಂಡೊಲೆಂಟ್ ಎಂಬುದರ ಮೂಲದಲ್ಲಿ ಸೋಮಾರಿತನವೇ ಇಲ್ಲ. ಅದು ಲ್ಯಾಟಿನ್ನಿನಲ್ಲಿ ನೋವಿಲ್ಲದ್ದು ಎಂಬ ಅರ್ಥದ ಮಾತು. ನೋವು ಕೊಡದೆ ನಿಧಾನವಾಗಿ ಇರುವ ಹುಣ್ಣಿಗೂ ಗಡ್ಡೆಗೂ ವೈದ್ಯರು ಇಂದಿಗೂ ಆ ಮಾತನ್ನೇ ಬಳಸುತ್ತಾರೆ. ನೋವಿನ ಅಂಜಿಕೆಯಿಂದ ಕಷ್ಟದ ಕೆಲಸಕ್ಕೆ ಕೈಹಾಕದವನು ಎಂಬ ಅರ್ಥ ಆಮೇಲೆ ಹದಿನೆಂಟನೆಯ ಶತಮಾನದಲ್ಲಿ ನಿಂತುಕೊಂಡಿತು. ಇನರ್ಟ್ ಎಂದರೆ ಮೊದಲಿಗೆ ಕಲೆ ಅರಿಯದವನು, ಕೈಗೆ ಕಸುಬಿಲ್ಲದವನು. ಲಿಸ್ಟ್‌ಲೆಸ್ ಎಂಬುದರಲ್ಲಿ ಪಟ್ಟಿಯಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಲಿಸ್ಟ್ ಎಂದರೆ ಆಸೆ, ಆದ್ದರಿಂದ ಅವನು ಆಸೆ ಬತ್ತಿದವನು. ಟಾರ್ಪಿಡ್ ಎಂದರೆ ಮರಗಟ್ಟಿದ ಎಂದರ್ಥ. ಮುಟ್ಟಿದವರ ಕೈ ಜೋಮು ಹಿಡಿಸುವ ವಿದ್ಯುತ್ ಮೀನಿಗೆ ಅದೇ ಬೇರಿನಿಂದ ಟಾರ್ಪಿಡೊ ಎಂಬ ಹೆಸರು ಬಂದು, ಕೊನೆಗೆ ಅದು ಹಡಗು ಮುಳುಗಿಸುವ ಆಯುಧಕ್ಕೂ ಅಂಟಿಕೊಂಡಿತು. ಜಡವೆಂಬ ಮಾತು ಸ್ಫೋಟಕವಾದದ್ದು ಭಾಷೆಯ ತಮಾಷೆ.

ಸ್ಲಗಿಶ್ ಎಂದರೆ ಸಿಂಬಳದ ಹುಳುವಿನಂತೆ ತೆವಳುವವನು ಎಂದು ನಾವು ಸಾಮಾನ್ಯವಾಗಿ ವಿವರಿಸುತ್ತೇವೆ. ನಡೆದದ್ದು ತಿರುಗುಮುರುಗು. ಸ್ಲಗ್ ಎಂಬುದು ಮೊದಲು ಸೋಮಾರಿ ಮನುಷ್ಯನ ಹೆಸರಾಗಿತ್ತು. ತೋಟದ ಆ ಪಾಪದ ಹುಳುವಿಗೆ ಅದನ್ನು ಅಂಟಿಸಿದ್ದು ಬಹಳ ಕಾಲದ ಮೇಲೆ, 1700ರ ಆಸುಪಾಸಿನಲ್ಲಿ. ಇನ್ನೊಂದು ಪ್ರಾಣಿಗೂ ಇದೇ ಗತಿ ಬಂದಿತು. ಕ್ರೈಸ್ತ ಧರ್ಮದ ಏಳು ಮಹಾಪಾಪಗಳಲ್ಲಿ ಸ್ಲಾತ್, ಎಂದರೆ ಆಲಸ್ಯ, ಒಂದು. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನ ಸಂನ್ಯಾಸಿಗಳು ನಡುಮಧ್ಯಾಹ್ನದಲ್ಲಿ ಪ್ರಾರ್ಥನೆಗೂ ಮನಸ್ಸು ಏಳದಂತೆ ಮಾಡುವ ಒಂದು ಪಿಶಾಚಿಯ ಬಗ್ಗೆ ಎಚ್ಚರಿಕೆ ಹೇಳುತ್ತಿದ್ದರು. ಆ ಪಿಶಾಚಿಯೇ ಕಾಲಾಂತರದಲ್ಲಿ ಆಲಸ್ಯದ ಪಾಪವಾಯಿತು. ಮುಂದೆ ದಕ್ಷಿಣ ಅಮೆರಿಕದ ಕಾಡಿಗೆ ಹೋದ ಪೋರ್ಚುಗೀಸರು ಮರದಲ್ಲಿ ತಲೆಕೆಳಗಾಗಿ ತೂಗುವ ಪ್ರಾಣಿಯೊಂದನ್ನು ಕಂಡು ಸೋಮಾರಿತನ ಎಂದೇ ಹೆಸರಿಟ್ಟರು. ಇಂಗ್ಲಿಷರು ಹದಿನೇಳನೆಯ ಶತಮಾನದಲ್ಲಿ ಅದನ್ನು ತಮ್ಮ ಭಾಷೆಗೆ ತಿರುಗಿಸಿಕೊಂಡು ಸ್ಲಾತ್ ಎಂದರು. ಆ ಪ್ರಾಣಿ ತಿನ್ನುವುದು ಎಲೆ. ಎಲೆಯಿಂದ ಸಿಗುವ ಕಸುವು ಬಹಳ ಕಡಿಮೆ. ಇರುವಷ್ಟರಲ್ಲಿ ಬದುಕಬೇಕಾದರೆ ನಿಧಾನವಾಗಿಯೇ ಚಲಿಸಬೇಕು. ಅದರ ನಿಧಾನಕ್ಕೆ ಕಾರಣ ಊಟ, ಪಾಪವಲ್ಲ. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಂಡಿರಬೇಕು.

ಇನ್ನು ನಮ್ಮ ಮನೆಗೆ ಬರೋಣ. ಸ್ಯಾಟರ್ನೈನ್ ಎಂದರೆ ಶನಿಗ್ರಹದ ಪ್ರಭಾವಕ್ಕೆ ಸಿಕ್ಕಿ ಮಂಕಾಗಿ ಭಾರವಾಗಿ ಇರುವವನು. ನಮ್ಮಲ್ಲಿ ಶನೈಶ್ಚರ ಎಂಬ ಹೆಸರಿನ ಅರ್ಥವೇ ಮೆಲ್ಲಗೆ ನಡೆಯುವವನು ಎಂದು. ಸೂರ್ಯನನ್ನು ಒಂದು ಸುತ್ತು ಬರಲು ಶನಿಗೆ ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಬರಿಗಣ್ಣಿಗೆ ಕಾಣುವ ಗ್ರಹಗಳಲ್ಲಿ ಅವನೇ ಎಲ್ಲರಿಗಿಂತ ನಿಧಾನ. ಸಂಸ್ಕೃತದಲ್ಲಿ ಅವನಿಗೆ ಮಂದ ಎಂದೂ ಹೆಸರುಂಟು. ಆದರೆ ಅದೇ ಮಂದ ಎಂಬುದು ನಮ್ಮಲ್ಲಿ ಮಂದಹಾಸವೂ ಆಗುತ್ತದೆ, ಮಂದಮಾರುತವೂ ಆಗುತ್ತದೆ. ಜೀರ್ಣಶಕ್ತಿಗೆ ಸೇರಿದರೆ ಮಂದಾಗ್ನಿ, ಮಗುವಿಗೆ ಸೇರಿದರೆ ಮಂದಬುದ್ಧಿ. ನಗುವಿಗೆ ಗುಣವಾದದ್ದು ಮಗುವಿಗೆ ದೋಷವಾಯಿತು. ಇಂಗ್ಲಿಷರಿಗೆ ಚಾಕು, ದೀಪ, ಹುಡುಗ ಮೂರಕ್ಕೂ ಡಲ್ ಎಂಬ ಒಂದೇ ಮಾತು ಸಾಕು. ನಾವು ಚಾಕು ಮೊಂಡಾಯಿತು ಎನ್ನುತ್ತೇವೆ, ದೀಪ ಮಂಕಾಯಿತು ಎನ್ನುತ್ತೇವೆ. ಮೊಂಡಾದದ್ದನ್ನು ಸಾಣೆ ಹಿಡಿಯಬಹುದು, ಮಂಕಾದದ್ದಕ್ಕೆ ಎಣ್ಣೆ ಹೊಯ್ಯಬಹುದು. ಹೆಸರಿನಲ್ಲಿಯೇ ಮದ್ದೂ ಸೂಚಿತವಾಗಿದೆ. ಹಾಗೆಂದು ಕನ್ನಡವನ್ನು ತೀರ ಸಾಧುವೆಂದು ಹೊಗಳುವಂತಿಲ್ಲ. ಮೈಗಳ್ಳ ಎಂಬ ಮಾತನ್ನು ನೋಡಿ. ದುಡಿಯದವನು ತನ್ನ ಮೈಯನ್ನೇ ಕದ್ದಿದ್ದಾನಂತೆ! ಹಾಗಾದರೆ ಆ ಮೈ ಯಾರ ಸೊತ್ತು? ಕೆಲಸಕ್ಕೆ ಕರೆದವನ ಸೊತ್ತೇ?

ನಮ್ಮ ದೇವನಹಳ್ಳಿ ಸೀಮೆಯಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಇನ್ನೊಂದು ಮಾತಿದೆ: ಸುಸ್ತು. ಅದು ಪಾರಸಿಯಿಂದ ಬಂದದ್ದು. ಟಿಪ್ಪು ಹುಟ್ಟಿದ ಊರು ನಮ್ಮದು. ಅವನ ಆಡಳಿತದಲ್ಲಿ ಪಾರಸಿಗೆ ದೊಡ್ಡ ಸ್ಥಾನವಿತ್ತು. ಅದಕ್ಕೂ ಮೊದಲೇ ಬಿಜಾಪುರದವರ ಕಾಲದಲ್ಲಿ, 1687ರಿಂದ ಈಚೆಗೆ ಶಿರಾದಲ್ಲಿ ಕುಳಿತಿದ್ದ ಮೊಗಲ ಸುಬೇದಾರರ ಕಾಲದಲ್ಲಿ ಕಂದಾಯದ ಲೆಕ್ಕದೊಡನೆ ಇಂಥ ಮಾತುಗಳು ಹಳ್ಳಿಗಳಿಗೆ ಇಳಿದಿದ್ದವು. ಪಾರಸಿಯಲ್ಲಿ ಸುಸ್ತ್ ಎಂದರೆ ಸಡಿಲ, ನಿಧಾನ, ಸೋಮಾರಿ. ಉರ್ದುವಿನಲ್ಲಿ ಇಂದಿಗೂ ಒಬ್ಬನನ್ನು ಸುಸ್ತ್ ಎಂದರೆ ಅದು ಬೈಗುಳವೇ. ಆದರೆ ಕನ್ನಡದ ರೈತನ ಬಾಯಿಗೆ ಬಂದ ಮೇಲೆ ಆ ಮಾತು ಬದಲಾಯಿತು. ‘ಸುಸ್ತಾಯ್ತು ಕಣಮ್ಮ’ ಎಂದರೆ ನಾನು ಸೋಮಾರಿ ಎಂದಲ್ಲ, ದಣಿದಿದ್ದೇನೆ ಎಂದು. ಬಿಸಿಲಿನಲ್ಲಿ ಕೆಲಸ ಮಾಡಿದ ಜನ ಆ ಮಾತಿನಿಂದ ಬೈಗುಳವನ್ನು ತೂರಿಹಾಕಿ ದಣಿವನ್ನಷ್ಟೇ ಉಳಿಸಿಕೊಂಡರು. ಕಚೇರಿಯವರು ಮಾತ್ರ ಬೈಗುಳವನ್ನು ಬಿಡಲಿಲ್ಲ. ಸುಸ್ತಿ, ಸುಸ್ತಿ ಬಡ್ಡಿ, ಸುಸ್ತಿದಾರ ಎಂದು ಅದು ಸಾಲದ ಲೆಕ್ಕದಲ್ಲಿ ಕುಳಿತಿದೆ. ಮಳೆ ಕೈಕೊಟ್ಟು ಸಾಲದ ಕಂತು ಕಟ್ಟಲಾಗದವನೂ ಅಲ್ಲಿ ಸುಸ್ತಿದಾರನೇ. ಹೊಲದಲ್ಲಿ ದಣಿವಾದದ್ದು ಲೆಡ್ಜರಿನಲ್ಲಿ ಅಪರಾಧವಾಗುತ್ತದೆ. ಒಂದೇ ಮಾತು, ಎರಡು ಅರ್ಥ. ಹೇಳುವವನು ಎಲ್ಲಿ ಕುಳಿತಿದ್ದಾನೆ ಎಂಬುದರ ಮೇಲೆ ಹೋಗುತ್ತದೆ.

ಎಲ್ಲಿ ಕುಳಿತಿದ್ದಾನೆ ಎಂಬ ಪ್ರಶ್ನೆಗೆ ಚರಿತ್ರೆಯಲ್ಲಿ ಒಂದು ಒಳ್ಳೆಯ ಉದಾಹರಣೆ ಇದೆ. ಮೆಕಾಲೆ 1834ರ ಜೂನಿನಲ್ಲಿ ಮದರಾಸಿನಲ್ಲಿ ಹಡಗಿನಿಂದ ಇಳಿದನು. ಗವರ್ನರ್ ಜನರಲ್ ಬೆಂಟಿಂಕ್ ಆಗ ಉದಕಮಂಡಲದಲ್ಲಿದ್ದುದರಿಂದ ಅಲ್ಲಿಗೇ ಹೋಗಬೇಕಾಯಿತು. ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳನ್ನು ಹಾದು ಬೆಟ್ಟ ಹತ್ತುವ ಆ ದಾರಿ ಸುಮಾರು 400 ಮೈಲಿ. ಅಷ್ಟು ದೂರವನ್ನೂ ಅವನು ಪಲ್ಲಕ್ಕಿಯಲ್ಲಿ, ಮನುಷ್ಯರ ಹೆಗಲ ಮೇಲೆ ಕ್ರಮಿಸಿದನು. ಮರುವರ್ಷ, 1835ರ ಫೆಬ್ರುವರಿಯಲ್ಲಿ, ಇಂಗ್ಲಿಷ್ ವಿದ್ಯಾಭ್ಯಾಸದ ಪರವಾಗಿ ತನ್ನ ಪ್ರಸಿದ್ಧ ಟಿಪ್ಪಣಿಯನ್ನು ಬರೆದನು. ಮುಂದೆ ಇಂಗ್ಲೆಂಡಿಗೆ ಹಿಂದಿರುಗಿದ ಮೇಲೆ 1841ರಲ್ಲಿ ವಾರನ್ ಹೇಸ್ಟಿಂಗ್ಸನ ಬಗ್ಗೆ ಬರೆದ ದೀರ್ಘ ಪ್ರಬಂಧದಲ್ಲಿ ಬಂಗಾಳಿಗಳ ಮೈಕಟ್ಟು ದುರ್ಬಲವೆಂದೂ ಅವರ ಚಲನವಲನ ಲ್ಯಾಂಗ್ವಿಡ್, ಎಂದರೆ ನಿತ್ರಾಣದ್ದೆಂದೂ ಚಿತ್ರಿಸಿದನು. ಅವನು ಬರೆದದ್ದು ಬಂಗಾಳಿಗಳ ವಿಷಯ, ತನ್ನನ್ನು ಹೊತ್ತ ನಮ್ಮ ದಾರಿಯ ಬೋಯಿಗಳ ವಿಷಯವಲ್ಲ, ನಿಜ. ಆದರೂ 400 ಮೈಲಿ ಹೊರಿಸಿಕೊಂಡು ಬಂದ ಮನುಷ್ಯನಿಗೆ ಈ ದೇಶದ ಜನರಲ್ಲಿ ಕಸುವಿಲ್ಲ ಎಂದು ಬರೆಯಲು ಲೇಖನಿ ಹೇಗೆ ಓಡಿತೋ! ಮೆಕಾಲೆಯೊಬ್ಬನ ದೋಷ ಇದಲ್ಲ. ಆ ಶತಮಾನದ ಎಷ್ಟೋ ಆಂಗ್ಲ ಬರಹಗಳಲ್ಲಿ ಈ ದೇಶದವರಿಗೆ ಮೊದಲು ಸಿಗುವ ವಿಶೇಷಣ ಇಂಡೊಲೆಂಟ್ ಎಂಬುದೇ.

ಪಲ್ಲಕ್ಕಿ ಎಂದೊಡನೆ ನಮ್ಮ ಕಡೆಯ ಹಿರಿಯರಿಗೆ ನೆನಪಾಗುವುದು ಭಾಗವತದ ಐದನೆಯ ಸ್ಕಂಧದಲ್ಲಿ ಬರುವ ಜಡಭರತನ ಕಥೆ. ಸಿಂಧು–ಸೌವೀರದ ರಾಜ ರಹೂಗಣ ಪಲ್ಲಕ್ಕಿಯಲ್ಲಿ ಹೊರಟಿದ್ದ. ಹೊರುವವರಲ್ಲಿ ಒಬ್ಬ ಸಾಲದೆ ಬಂದಾಗ ದಾರಿಯಲ್ಲಿ ಸಿಕ್ಕ ಗಟ್ಟಿಮುಟ್ಟಾದ ಒಬ್ಬನನ್ನು ಹಿಡಿದು ಹೆಗಲು ಕೊಡಿಸಿದರು. ಊರವರು ಅವನನ್ನು ಜಡ ಎಂದು ಕರೆಯುತ್ತಿದ್ದರು. ಅವನ ಹೆಜ್ಜೆ ಉಳಿದವರ ಹೆಜ್ಜೆಗೆ ಕೂಡದೆ ಪಲ್ಲಕ್ಕಿ ಕುಲುಕಾಡಿತು. ರಾಜನಿಗೆ ಸಿಟ್ಟು ಬಂದು, ಪಾಪ, ಬಹಳ ದಣಿದಿದ್ದೀಯೆ, ಮುದುಕನಾಗಿದ್ದೀಯೆ ಎಂದು ಹಂಗಿಸಿದ. ಅವನು ತಡೆದು ತಡೆದು ನಡೆಯುತ್ತಿದ್ದುದಕ್ಕೆ ಕಾರಣ ಬೇರೆಯೇ ಇತ್ತು: ಕಾಲಿನ ಕೆಳಗೆ ಇರುವೆ ಮುಂತಾದ ಜೀವಗಳು ಸಿಕ್ಕಾವೆಂದು ಅವನು ನೆಲ ನೋಡಿಕೊಂಡು ಹೆಜ್ಜೆ ಇಡುತ್ತಿದ್ದ. ಪಲ್ಲಕ್ಕಿಯೊಳಗೆ ಕುಳಿತವನಿಗೆ ಕುಲುಕಾಟ ತಿಳಿಯುತ್ತದೆ, ಇರುವೆ ಕಾಣುವುದಿಲ್ಲ. ಅವನ ಮಾತನ್ನು ಕೇಳಿದ ಮೇಲೆ ರಹೂಗಣ ಕೆಳಗಿಳಿದು ಕೈಮುಗಿದ.

ಇರುವೆಯಂತೆಯೇ ಹೊರಗಿನವರ ಕಣ್ಣಿಗೆ ಕಾಣದ ಕಾರಣವೊಂದು ಅಮೆರಿಕದಲ್ಲಿ 1902ರಲ್ಲಿ ಬಯಲಾಯಿತು. ಅಲ್ಲಿನ ದಕ್ಷಿಣದ ರಾಜ್ಯಗಳ ಬಡ ರೈತರು ಹುಟ್ಟು ಸೋಮಾರಿಗಳೆಂದು ದೇಶವೆಲ್ಲ ಆಡಿಕೊಳ್ಳುತ್ತಿತ್ತು. ಚಾರ್ಲ್ಸ್ ಸ್ಟೈಲ್ಸ್ ಎಂಬ ವಿಜ್ಞಾನಿ ಅವರ ನಿತ್ರಾಣಕ್ಕೆ ಕಾರಣ ಕೊಕ್ಕೆಹುಳು ಎಂದು ತೋರಿಸಿದನು. ಬರಿಗಾಲಿನ ಚರ್ಮದ ಮೂಲಕ ಮೈಯೊಳಗೆ ಹೊಕ್ಕು, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವ ಹುಳು ಅದು. ಪತ್ರಿಕೆಗಳು ಅದನ್ನು ಸೋಮಾರಿತನದ ಕ್ರಿಮಿ ಎಂದು ಗೇಲಿ ಮಾಡಿದವು. ಆದರೆ 1909ರಲ್ಲಿ ರಾಕ್‌ಫೆಲರ್ ಕೊಟ್ಟ ಹತ್ತು ಲಕ್ಷ ಡಾಲರಿನಿಂದ ಆಯೋಗವೊಂದು ರಚನೆಯಾಗಿ ಹನ್ನೊಂದು ರಾಜ್ಯಗಳಲ್ಲಿ ತಪಾಸಣೆ ನಡೆಸಿದಾಗ, ನೋಡಿದ ಶಾಲಾಮಕ್ಕಳಲ್ಲಿ ನೂರಕ್ಕೆ ಸುಮಾರು 40 ಮಂದಿಯ ಹೊಟ್ಟೆಯಲ್ಲಿ ಆ ಹುಳು ಇತ್ತು. ಎಷ್ಟೋ ತಲೆಮಾರು ಗುಣ ಎಂದು ಕರೆದದ್ದು ರೋಗವಾಗಿತ್ತು. ಒಂದು ಗುಳಿಗೆ ಮತ್ತು ಒಂದು ಜೊತೆ ಚಪ್ಪಲಿ ಆ ವಿಶೇಷಣವನ್ನು ಅಳಿಸಬಹುದಿತ್ತು.

ನಮ್ಮ ಸ್ಥಿತಿಯೇನು ಕಡಿಮೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು 48 ಮಂದಿಗೆ ಇತ್ತು. ರಕ್ತದಲ್ಲಿ ಕಬ್ಬಿಣಾಂಶ ಕಡಿಮೆಯಾದರೆ ಉಸಿರಿನಿಂದ ಬಂದ ಪ್ರಾಣವಾಯು ಮೈಗೆಲ್ಲ ಸಾಕಷ್ಟು ತಲುಪುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಓದಲು ಕುಳಿತರೆ ತೂಕಡಿಕೆ, ಕೇಳಿದ್ದು ತಲೆಗೆ ಹತ್ತದಿರುವುದು, ಇವೆಲ್ಲ ಅದರ ಲಕ್ಷಣ. ಸೋಮಾರಿ, ಲೆಥಾರ್ಜಿಕ್, ಲಿಸ್ಟ್‌ಲೆಸ್ ಎಂಬ ಮಾತುಗಳ ಲಕ್ಷಣವೂ ಇವೇ ಅಲ್ಲವೇ? ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ, 2015ರಿಂದ ಜಂತುಹುಳು ನಿವಾರಣೆಯ ದಿನ, ಮಧ್ಯಾಹ್ನದ ಬಿಸಿಯೂಟ, 2013ರಿಂದ ಕ್ಷೀರಭಾಗ್ಯದ ಹಾಲು ಶಾಲೆಗೆ ಬಂದದ್ದನ್ನು ಅಡಿಗೆಮನೆಯ ಸುದ್ದಿ ಎಂದು ಕೆಲವರು ಮೂಗು ಮುರಿದರು. ನನ್ನ ಮಟ್ಟಿಗೆ ಅವು ನಿಘಂಟಿನ ತಿದ್ದುಪಡಿಗಳು.

ಇಪ್ಪತ್ತನೆಯ ಶತಮಾನದಲ್ಲಿ ಈ ವಿಶೇಷಣಗಳಿಗೆ ಅಂಕಿಯ ಬಲವೂ ಸೇರಿಕೊಂಡಿತು. 1905ರಲ್ಲಿ ಪ್ಯಾರಿಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ ಮಕ್ಕಳ ಬುದ್ಧಿಯನ್ನು ಅಳೆಯುವ ಪರೀಕ್ಷೆಯೊಂದನ್ನು ರೂಪಿಸಿದರು. ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದು ಅದರ ಉದ್ದೇಶ. ಬುದ್ಧಿ ಹುಟ್ಟಿನಿಂದ ನಿಗದಿಯಾದ ಮೊತ್ತ, ಅದನ್ನು ಹೆಚ್ಚಿಸಲು ಬರುವುದಿಲ್ಲ ಎನ್ನುವವರನ್ನು ಬಿನೆ 1909ರಲ್ಲಿ ಬಲವಾಗಿ ಖಂಡಿಸಿದ್ದನು. ಆದರೆ ಪರೀಕ್ಷೆ ಅಟ್ಲಾಂಟಿಕ್ ದಾಟಿದ ಮೇಲೆ ನೆರವು ಹಿಂದಾಯಿತು, ಹೆಸರು ಮುಂದಾಯಿತು. 1910ರಲ್ಲಿ ಗಾಡರ್ಡ್ ಎಂಬವನು ಗ್ರೀಕಿನಿಂದ ಮಂಕು ಎಂಬರ್ಥದ ಮಾತನ್ನು ತೆಗೆದು ಮೋರಾನ್ ಎಂಬ ವರ್ಗವನ್ನೇ ಸೃಷ್ಟಿಸಿದನು. 1916ರಲ್ಲಿ ಟರ್ಮನ್ 80ರಿಂದ 90ರ ನಡುವಿನ ಅಂಕದ ಮಕ್ಕಳಿಗೆ ಡಲ್ ಎಂಬ ಪಟ್ಟ ಕಟ್ಟಿದನು. ಅದುವರೆಗೆ ಮೇಷ್ಟ್ರ ಬಾಯಿಯ ಬೈಗುಳವಾಗಿದ್ದದ್ದು ಅಂದಿನಿಂದ ವಿಜ್ಞಾನವಾಯಿತು.

ಕನ್ನಡನಾಡಿಗೂ ಆ ಪರೀಕ್ಷೆ ಬಂದಿತು. ಧಾರವಾಡದ ಶಿಕ್ಷಣತಜ್ಞ ವಿ. ವಿ. ಕಾಮತರು ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ಮಾರ್ಪಡಿಸಿದರು. ಭಾರತದ ಮಕ್ಕಳ ಬುದ್ಧಿಮಾಪನದ ಬಗ್ಗೆ ಅವರ ಪುಸ್ತಕ 1940ರಲ್ಲಿ ಆಕ್ಸ್‌ಫರ್ಡ್ ಪ್ರಕಾಶನದಿಂದ ಹೊರಬಂದಿತು. ಬಿನೆ–ಕಾಮತ್ ಪರೀಕ್ಷೆ ಎಂದು ಅದು ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿತು. ಪರದೇಶದ ಅಳತೆಗೋಲಿನಿಂದ ನಮ್ಮ ಮಕ್ಕಳನ್ನು ಅಳೆಯಬಾರದು, ಅವರ ಭಾಷೆಯಲ್ಲಿ, ಅವರಿಗೆ ಪರಿಚಿತವಾದ ವಸ್ತುಗಳಿಂದಲೇ ಪ್ರಶ್ನೆ ಕೇಳಬೇಕು ಎಂಬ ವಿವೇಕ ಅದರಲ್ಲಿದೆ. ಸರಿಯಾಗಿ ಬಳಸಿದರೆ ಅದು ವಿಶೇಷ ನೆರವು ಬೇಕಾದ ಮಗುವಿಗೆ ದಾರಿ ತೋರುತ್ತದೆ. ತೊಂದರೆ ಇರುವುದು ಪರೀಕ್ಷೆಯನ್ನೇ ಮಾಡದೆ, ಅದರ ಶಬ್ದಗಳನ್ನು ಮಾತ್ರ ಎರವಲು ತಂದು ಸ್ಟಾಫ್ ರೂಮಿನಲ್ಲಿ ಹಂಚಿಬಿಡುವುದರಲ್ಲಿ. ಸ್ಲೋ ಲರ್ನರ್ ಎಂಬ ಪಟ್ಟಿ ತಯಾರಿಸಲು ಹತ್ತು ನಿಮಿಷ ಸಾಕು. ಅದರಲ್ಲಿರುವ ಮಗುವಿಗೆ ಕಿವಿ ಸರಿಯಾಗಿ ಕೇಳುತ್ತದೆಯೇ, ಕರಿಹಲಗೆಯ ಅಕ್ಷರ ಕಾಣುತ್ತದೆಯೇ, ಬೆಳಿಗ್ಗೆ ಏನಾದರೂ ಹೊಟ್ಟೆಗೆ ಬಿದ್ದಿದೆಯೇ ಎಂದು ನೋಡಲು ಒಂದು ತಿಂಗಳು ಬೇಕು.

ಈ ವಿಷಯ ನನಗೆ ಪುಸ್ತಕದಿಂದಲೇ ಗೊತ್ತಾದದ್ದಲ್ಲ. ನಮ್ಮ ತಾಲ್ಲೂಕು ದ್ರಾಕ್ಷಿಗೆ, ಚಕ್ಕೋತಕ್ಕೆ ಹೆಸರಾದಂತೆ ರೇಷ್ಮೆಗೂ ಹೆಸರಾದದ್ದು. ವಿಜಯಪುರದ ಗೂಡಿನ ಮಾರುಕಟ್ಟೆಯನ್ನು ಸುತ್ತಲಿನ ಸೀಮೆಯವರೆಲ್ಲ ಬಲ್ಲರು. ಹುಳ ಸಾಕುವ ಮನೆಯ ಹುಡುಗಿಯೊಬ್ಬಳು ಎಂಟನೆಯ ತರಗತಿಯಲ್ಲಿದ್ದಳು. ಮೊದಲ ಪೀರಿಯಡ್ಡಿನಲ್ಲಿಯೇ ಅವಳ ತಲೆ ಮೇಜಿಗೆ ಬಾಗುತ್ತಿತ್ತು. ಅವಳ ಪ್ರಗತಿಪತ್ರದ ಷರಾ ಅಂಕಣದಲ್ಲಿ ಇಂಗ್ಲಿಷಿನಲ್ಲಿ ಲೆಥಾರ್ಜಿಕ್ ಎಂದು ಬರೆಯಲಾಗಿತ್ತು. ಸಹಿ ಹಾಕಲು ಬಂದ ತಾಯಿ ಆ ಮಾತಿನ ಮೇಲೆ ಬೆರಳಿಟ್ಟು, “ಇದೇನ್ ಬರ್ದವ್ರೆ ಟೀಚರಮ್ಮ?” ಎಂದು ನನ್ನನ್ನು ಕೇಳಿದಳು. ಸೋಮಾರಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಜಡ ಎಂದರೆ ಅವಳಿಗೆ ಜಡ್ಡು ಎಂದು ಕೇಳಿಸೀತು. “ನಿಮ್ಮ ಹುಡುಗಿ ತುಂಬಾ ಸುಸ್ತಾಗಿರ್ತಾಳೆ ಅಂತ ಬರೆದಿದ್ದಾರಮ್ಮ” ಎಂದೆ.

“ಆಗ್ದೆ ಇನ್ನೇನು ಟೀಚರಮ್ಮ? ನಾಲ್ಕನೇ ಜ್ವರ ಎದ್ದೈತೆ. ರಾತ್ರಿಯೆಲ್ಲ ಸೊಪ್ಪು ಹಾಕ್ಬೇಕು. ಅವ್ರಪ್ಪಂಗೆ ಸೊಂಟ ನೋವು, ಇವ್ಳೇ ಎದ್ದು ಎದ್ದು ಹಾಕ್ತಾಳೆ” ಎಂದಳು.

ಹುಳ ಸಾಕದವರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೇಷ್ಮೆಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಕಳಚುತ್ತದೆ. ಆ ಹೊತ್ತಿನಲ್ಲಿ ಅದು ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತದೆ. ನಮ್ಮ ರೈತರು ಅದನ್ನು ಜ್ವರ ಎನ್ನುತ್ತಾರೆ: ಒಂದನೇ ಜ್ವರ, ಎರಡನೇ ಜ್ವರ ಎಂದು ಎಣಿಸುತ್ತಾರೆ. ಹೊರಗಿನವರು ನೋಡಿದರೆ ಆ ತಟ್ಟೆಯ ಹುಳುಗಳೆಲ್ಲ ಟಾರ್ಪಿಡ್ ಎನ್ನಬಹುದು. ಆದರೆ ಹುಳ ಸಾಕುವವರು ಯಾರೂ ಜ್ವರದಲ್ಲಿರುವ ಹುಳುವನ್ನು ಸೋಮಾರಿ ಎಂದು ತಿವಿಯುವುದಿಲ್ಲ, ಮೇಲೆ ಸೊಪ್ಪು ಹೇರುವುದಿಲ್ಲ. ಒಳಗೆ ಹೊಸ ಚರ್ಮ ಬಲಿಯುತ್ತಿದೆ ಎಂದು ಅವರಿಗೆ ಗೊತ್ತು. ನಾಲ್ಕನೆಯ ಜ್ವರ ಎದ್ದ ಮೇಲೆ ಅದಕ್ಕೆ ಬಕಾಸುರನ ಹಸಿವು. ಹಣ್ಣಾಗಿ ಚಂದ್ರಿಕೆಗೆ ಬಿಡುವ ತನಕ ಒಂದು ವಾರ ಮನೆಯವರಿಗೆ ನಿದ್ದೆಯಿಲ್ಲ. ನಮ್ಮ ಹುಡುಗಿ ಲೆಥಾರ್ಜಿಕ್ ಆದದ್ದು ಆ ವಾರದಲ್ಲಿ. ತರಗತಿಯಲ್ಲಿ ನಿದ್ದೆಗಣ್ಣಿನಲ್ಲಿದ್ದ ಅವಳು ಇಡೀ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ದುಡಿದಿದ್ದಳು. ಹುಳುವಿಗೆ ಕೊಡುವಷ್ಟು ತಿಳಿವಳಿಕೆಯನ್ನು ಆ ಷರಾ ಹುಡುಗಿಗೆ ಕೊಟ್ಟಿರಲಿಲ್ಲ.

ಹಾಗೆಂದು ಸೋಮಾರಿತನವೇ ಲೋಕದಲ್ಲಿಲ್ಲ ಎಂದು ನಾನು ವಾದಿಸುತ್ತಿಲ್ಲ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿದವಳಿಗೆ ಹಾಗೆ ವಾದಿಸಲು ಸಾಧ್ಯವೂ ಇಲ್ಲ. ಹೋಂವರ್ಕ್ ತಪ್ಪಿಸಲು ಅಜ್ಜಿಯನ್ನು ನಾಲ್ಕು ಸಲ ಸಾಯಿಸಿದ ಹುಡುಗರನ್ನು ಕಂಡಿದ್ದೇನೆ. ನನ್ನ ಮಾತು ಇಷ್ಟೇ: ನಿಧಾನವೆಂಬುದು ಕಣ್ಣಿಗೆ ಕಾಣುವ ಸಂಗತಿ, ಅದರ ಕಾರಣ ಕಾಣದ ಸಂಗತಿ. ವಿಶೇಷಣ ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕೈಗೆ ಕೊಡುತ್ತದೆ. ನಮ್ಮ ವ್ಯಾಕರಣದಲ್ಲಿ ಅದನ್ನು ಗುಣವಾಚಕ ಎನ್ನುತ್ತೇವೆ. ಸೋಮಾರಿ ಹುಡುಗಿ ಎಂದೊಡನೆ ಅದು ಅವಳ ಗುಣವಾಗಿಬಿಡುತ್ತದೆ. ಆದರೆ ಕನ್ನಡದಲ್ಲಿ ಕ್ರಿಯಾಪದದಿಂದ ಹುಟ್ಟಿದ ಎಷ್ಟು ಒಳ್ಳೆಯ ಮಾತುಗಳಿವೆ ನೋಡಿ: ದಣಿದ ಎತ್ತು, ಬಳಲಿದ ಹೆಂಗಸು, ಸೊರಗಿದ ಮೈ, ಬಾಡಿದ ಮುಖ. ಇವು ಗುಣ ಹೇಳುವುದಿಲ್ಲ. ಏನೋ ನಡೆದಿದೆ ಎಂದು ಹೇಳುತ್ತವೆ. ಬಾಡಿದ ಮುಖ ಎಂದಾಗ, ಯಾಕೆ ಬಾಡಿತು ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಜಡ ಎಂದಾಗ ಯಾವ ಪ್ರಶ್ನೆಯೂ ಬರುವುದಿಲ್ಲ. ಇಂಗ್ಲಿಷಿನಲ್ಲಿಯೂ ಟೈರ್ಡ್, ವೋರ್ನ್ ಔಟ್ ಎಂಬ ಇಂಥ ಮಾತುಗಳಿವೆ. ಷರಾ ಬರೆಯುವ ಕೈಗೆ ಅವು ಮಾತ್ರ ಸಿಗುವುದಿಲ್ಲ.

ಈ ಮಾತಿಗೆ ನಮ್ಮ ಊರಿನ ಹೆಸರು ಹೊತ್ತ ಒಬ್ಬ ದೊಡ್ಡವರ ಸಾಕ್ಷಿಯೂ ಇದೆ. ಡಿ. ವಿ. ಗುಂಡಪ್ಪನವರ ಹೆಸರಿನ ಮೊದಲಕ್ಷರ ದೇವನಹಳ್ಳಿಯದು. ಅವರು 1887ರಲ್ಲಿ ಹುಟ್ಟಿದ್ದು ಮುಳಬಾಗಿಲಿನಲ್ಲಾದರೂ ಊರು ಮಾತ್ರ ಹೆಸರಿನಲ್ಲಿ ಉಳಿಯಿತು. ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ಅವರು ದಾಟಲಿಲ್ಲ. ಅಂದಿನ ಶಾಲೆಯ ಷರಾ ಅಂಕಣದಲ್ಲಿ ಅಂಥ ಹುಡುಗನಿಗೆ ಸಿಗುವ ವಿಶೇಷಣ ಯಾವುದಿರಬಹುದೆಂದು ನಾವೇ ಊಹಿಸಬಹುದು. ಮುಂದೆ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೇ ಅವರನ್ನು ಕರೆದು ಡಿ.ಲಿಟ್. ಪದವಿ ಕೊಟ್ಟಿತು. 1943ರಲ್ಲಿ ಅವರು ಜೀವನವನ್ನೆಲ್ಲ ಹಿಂಡಿ ಬರೆದ ಪುಸ್ತಕ ಪ್ರಕಟವಾದಾಗ ಅದನ್ನು ಜ್ಞಾನಿಯ ವಾಣಿ ಎಂದು ಕರೆಯಲಿಲ್ಲ. ಮಂಕುತಿಮ್ಮನ ಕಗ್ಗ ಎಂದು ಕರೆದರು. ಬೇರೆಯವರು ಹಣೆಗೆ ಅಂಟಿಸುವ ಮೊದಲೇ ಡಲ್ ಎಂಬ ವಿಶೇಷಣವನ್ನು ತಾವೇ ತೆಗೆದುಕೊಂಡು ತಿಮ್ಮನ ಮುಂದೆ ಇಟ್ಟರು. ಕನ್ನಡಿಗರಿಗೆ ಅಂದಿನಿಂದ ಮಂಕು ಎಂಬ ಮಾತು ಹಿಂದಿನಷ್ಟು ಧೈರ್ಯವಾಗಿ ಬಯ್ಯಲು ಬಾರದಂತಾಯಿತು.

2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಕ್ಕಳಿಗೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳ ಕೊಡುವುದನ್ನೂ ನಿಷೇಧಿಸಿದೆ. ಬೆತ್ತ ಬಹುಮಟ್ಟಿಗೆ ಮೂಲೆ ಸೇರಿತು. ವಿಶೇಷಣ ಇನ್ನೂ ಕೈಯಲ್ಲಿಯೇ ಇದೆ. ಅದನ್ನು ಕಸಿಯಲು ಯಾವ ಕಾಯಿದೆಗೂ ಆಗದು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಷರಾ ಅಂಕಣದಲ್ಲಿ ಏನು ಬರೆಯಲಿ ಎಂದು ಕೇಳಿದರೆ ನಾನು ಹೇಳುವುದು ಒಂದೇ. ಗುಣವಾಚಕ ಬರೆಯಬೇಡಿ ತಾಯಿ, ಕ್ರಿಯಾಪದ ಬರೆಯಿರಿ. ‘ಲೆಥಾರ್ಜಿಕ್’ ಎನ್ನುವ ಬದಲು ‘ಮೊದಲ ಪೀರಿಯಡ್ಡಿನಲ್ಲಿ ನಿದ್ದೆ ಮಾಡುತ್ತಾಳೆ, ಮಧ್ಯಾಹ್ನ ಊಟದ ಮೇಲೆ ಚೆನ್ನಾಗಿ ಓದುತ್ತಾಳೆ’ ಎಂದು ಬರೆಯಿರಿ. ಒಂದು ಸಾಲು ಹೆಚ್ಚು ಬರೆಯಬೇಕಾಗುತ್ತದೆ, ಅಷ್ಟೇ. ಆ ಸಾಲನ್ನು ಓದಿದ ತಾಯಿಗೆ ನಾಚಿಕೆಯಾಗುವುದಿಲ್ಲ. ಬೆಳಿಗ್ಗೆ ಮಗಳ ಕೈಗೆ ಒಂದು ಲೋಟ ಗಂಜಿ ಕೊಟ್ಟು ಕಳಿಸಬೇಕೆಂದು ತೋರಬಹುದು.